ಎಡಗೈಯಲ್ಲಿ ಹಿಡಿದ ಬಿರಡೆ

ಅಗರದ ಕೆಂಪನಂಜಪ್ಪನ ಗಾಡಿ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಅವನ ಎತ್ತುಗಳ ಕೊರಳಲ್ಲಿ ಗೆಜ್ಜೆಸರ ಇರಲಿಲ್ಲ, ಒಂದೊಂದೇ ಗಂಟೆ. ಅಚ್ಚಿಗೆ ಎಣ್ಣೆ ಬಿಡುವುದರಲ್ಲಿ ಅವನು ಎಂದೂ ಜಿಪುಣತನ ಮಾಡಿದವನಲ್ಲ, ಹಾಗಾಗಿ ಗಾಲಿ ಕಿರುಗುಟ್ಟುತ್ತಿರಲಿಲ್ಲ. ಗಂಟೆ ಕೇಳಿ ಗಾಲಿ ಕೇಳಿಸದಿದ್ದರೆ ಅದು ಕೆಂಪನಂಜಪ್ಪನೇ ಎಂದು ಸಂತೇಮರಹಳ್ಳಿಯಿಂದ ಯಳಂದೂರಿನವರೆಗೆ ಅಂಗಡಿಯವರು ತಲೆ ಎತ್ತದೆ ಹೇಳುತ್ತಿದ್ದರು.

ಚಾಮರಾಜನಗರಕ್ಕೆ ರೈಲು ಬಂದು ಕೆಲವು ವರ್ಷಗಳಾಗಿದ್ದವು. ಬಿಳಿಗಿರಿರಂಗನ ಬೆಟ್ಟದ ಮೇಲಿನ ಒಂದು ಕಾಫಿ ತೋಟಕ್ಕೆ ಬೇಕಾದ ಅಕ್ಕಿ, ಉಪ್ಪು, ಸೀಮೆಎಣ್ಣೆ, ಮೊಳೆ, ತಗಡು ಎಲ್ಲ ಆ ಸ್ಟೇಷನ್ನಿನಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಬೆಟ್ಟಕ್ಕೆ ಮುಟ್ಟಿಸುವ ಕೆಲಸ ಕೆಂಪನಂಜಪ್ಪನದು. ಇಳಿಯುವಾಗ ಕಾಫಿ ಮೂಟೆ ತರುತ್ತಿದ್ದ. ತೋಟದ ಯಜಮಾನ ಒಬ್ಬ ಬಿಳಿಯ. ಅವನ ಹೆಸರು ಕೆಳಗಿನ ಊರಿನವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಬೆಟ್ಟದ ದೊರೆ ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಇನ್ನೊಂದು ಕೆಲಸ ಅವನಿಗೆ ಅಪ್ಪನಿಂದ ಬಂದಿತ್ತು. ಯುಗಾದಿ ಕಳೆದ ಮೊದಲ ಸೋಮವಾರ, ಅಗರದ ಮನೆಮನೆಯಿಂದ ಎತ್ತಿದ ಭತ್ತ, ರಾಗಿ, ಅವರೆ ಮಠದ ದಾಸೋಹಕ್ಕೆಂದು ಸಾಲು ಗಾಡಿಗಳಲ್ಲಿ ಹೊರಡುತ್ತಿತ್ತು. ಆ ಸಾಲಿನ ಮುಂದಲ ಗಾಡಿ ಅವನದು. ಮುಂದಲ ಗಾಡಿಯವನು ಉಪವಾಸ ಇದ್ದು, ಮಠದ ಬಾಗಿಲಲ್ಲಿ ಮೊದಲ ಚೀಲವನ್ನು ತಾನೇ ಹೆಗಲ ಮೇಲೆ ಹೊತ್ತು ಒಳಗಿಳಿಸಬೇಕು. ಆಮೇಲೆ ಮಿಕ್ಕವರ ಚೀಲ. ಕೆಂಪನಂಜಪ್ಪನಿಗೆ ಹೇಳಿಕೊಳ್ಳುವಷ್ಟು ಜಮೀನಿರಲಿಲ್ಲ, ಪಂಚಾಯಿತಿಯಲ್ಲಿ ಬಾಯಿ ಬಿಟ್ಟವನೂ ಅಲ್ಲ. ಊರಲ್ಲಿ ಅವನಿಗೆ ಇದ್ದ ಜಾಗ ಎಂದರೆ ಆ ಚೀಲದ ಅಡಿ.

ಬೆಟ್ಟದ ಸಾಮಾನಿನ ಜೊತೆಗೆ ವರ್ಷಕ್ಕೊಂದು ಸಲ ಒಂದು ಪೀಪಾಯಿ ಬರುತ್ತಿತ್ತು. ಕಾಫಿಯೆಲ್ಲ ಇಳಿದ ಮೇಲೆ, ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ, ಸುತ್ತಲ ತೋಟಗಳ ಬಿಳಿಯರೆಲ್ಲ ಈ ದೊರೆಯ ಬಂಗಲೆಯಲ್ಲಿ ಸೇರಿ ಚೆಂಡಾಡಿ, ಉಂಡು, ಕುಡಿದು ಹೋಗುವ ರೂಢಿ. ಪೀಪಾಯಿಯಲ್ಲಿ ಇರುತ್ತಿದ್ದುದು ಬೆಂಗಳೂರಿನ ಬೀರು. ಮೊದಲ ಸಲ ಅದನ್ನು ಸ್ಟೇಷನ್ನಿನಲ್ಲಿ ಕಂಡಾಗ ಕೆಂಪನಂಜಪ್ಪ ಗಾಡಿಗೆ ಏರಿಸಲು ಬಿಡಲಿಲ್ಲ. ಖಾಲಿ ಗಾಡಿ ಹೊಡೆದುಕೊಂಡು ಊರಿಗೆ ಬಂದು, ಯಜಮಾನ ಗುರುಮಲ್ಲಪ್ಪನವರ ಮುಂದೆ ನಿಂತ. ಅಗರದಲ್ಲಿ ಲಿಂಗ ಕಟ್ಟಿದವರ ನ್ಯಾಯ, ನೇಮ ಎಲ್ಲ ಅವರ ಜಗಲಿಯಲ್ಲೇ ತೀರ್ಮಾನವಾಗುತ್ತಿತ್ತು.

ಗುರುಮಲ್ಲಪ್ಪ ಎಲೆಅಡಿಕೆ ಒಂದು ಕಡೆಗೆ ಒತ್ತರಿಸಿಕೊಂಡು ಯೋಚನೆ ಮಾಡಿದರು.

"ಮುಚ್ಚಿದ್ದು ಮುಚ್ಚಿದಂಗೆ ಓಗ್ಲಿ. ಏರ್ಸೋರು ಏರಿಸ್ಲಿ, ಇಳ್ಸೋರು ಇಳಿಸ್ಲಿ. ನೀನು ಕೈ ಇಕ್ಬ್ಯಾಡ. ಊರೊಳಕ್ಕೆ ತರಬ್ಯಾಡ. ಗಾಡಿಗೇನು ಗೊತ್ತಾದದು, ಅದು ಮರ."

ಜಗಲಿಯ ತುದಿಯಲ್ಲಿ ಕೂತಿದ್ದ ಷಡಕ್ಷರಿ ಸುಮ್ಮನಿರಲಾರದವನು. ಅವನೂ ಗಾಡಿ ಹೊಡೆಯುವವನೇ, ಕೆಂಪನಂಜಪ್ಪನಿಗಿಂತ ಚಿಕ್ಕವನು.

"ಮೂಗ ಮುಚ್ಕಂಡು ಒಡೀಬೇಕೊ, ಬುಟ್ಕಂಡು ಒಡೀಬೇಕೊ, ಅದನ್ನೂ ಯೋಳ್ಬುಡಿ ಬುದ್ದಿ. ಕೆಂಪಣ್ಣ ಆಮೇಕೆ ಬೆಟ್ಟದ ಬುಡದಿಂದ ವಾಪಸ್ ಬಂದಾನು."

ಎಲ್ಲರೂ ನಕ್ಕರು. ಕೆಂಪನಂಜಪ್ಪನೂ ನಕ್ಕ. ಆದರೆ ಗುರುಮಲ್ಲಪ್ಪನವರ ಮಾತನ್ನು ಅವನು ಯಾರೂ ಇಟ್ಟುಕೊಳ್ಳದಷ್ಟು ಬಿಗಿಯಾಗಿ ಇಟ್ಟುಕೊಂಡ. ಪೀಪಾಯಿಯ ಜೊತೆ ಇರುವಷ್ಟು ಹೊತ್ತು ಕೊರಳಿನ ಲಿಂಗವನ್ನು ಬಿಚ್ಚಿ ಅಂಗೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಪೂಜೆಯಿಲ್ಲದೆ ಊಟವಿಲ್ಲ. ಆದ್ದರಿಂದ ಯಳಂದೂರಿನಲ್ಲಿ ಗುಂಬಳ್ಳಿ ಕಡೆಗೆ ತಿರುಗಿ ನೇರ ಬೆಟ್ಟ ಹತ್ತಬೇಕಾದ ಗಾಡಿ, ಆ ಒಂದು ಸಲ ಅಡ್ಡ ಹೊರಳಿ ಅಗರಕ್ಕೆ ಬರುತ್ತಿತ್ತು. ಊರ ಗಡಿಯ ಹುಣಸೆಮರದ ಕೆಳಗೆ ಗಾಡಿ ಬಿಟ್ಟು, ನೊಗಕ್ಕೆ ವಿಭೂತಿ ನೀರು ಚಿಮುಕಿಸಿ, ಎತ್ತುಗಳನ್ನು ಮಾತ್ರ ಹೊಡೆದುಕೊಂಡು ಮನೆಗೆ ಬರುತ್ತಿದ್ದ. ಸ್ನಾನ, ಪೂಜೆ, ಊಟ. ಬೆಳಿಗ್ಗೆ ಮತ್ತೆ ಪ್ರಯಾಣ. ಪೀಪಾಯಿಯನ್ನು ಕಾಯಲು ಯಾರೂ ಇರುತ್ತಿರಲಿಲ್ಲ. ಹೆಂಡದ ಕಾವಲಿಗೆ ಯಾರನ್ನು ಕೂರಿಸುವುದು?

ಹೀಗೆ ಕೆಲವು ವರ್ಷ ನಡೆಯಿತು.

ಆ ವರ್ಷ ಬಿಸಿಲು ಬೇಗ ಬಂತು. ಸಂತೇಮರಹಳ್ಳಿ ದಾಟಿ ಸ್ವಲ್ಪ ದೂರ ಬಂದಿದ್ದಾಗ ಹಿಂದುಗಡೆ ಏನೋ ಸುಸ್ ಎಂದಿತು. ಕೆಂಪನಂಜಪ್ಪ ತಿರುಗಿ ನೋಡಿದ. ಪೀಪಾಯಿಯ ನೆತ್ತಿಯಲ್ಲಿ ಬೆರಳು ಗಾತ್ರದ ಒಂದು ಬಿರಡೆ ಇರುತ್ತಿತ್ತು. ಅದು ಎಲ್ಲೋ ಹಾರಿಹೋಗಿತ್ತು. ತೂತಿನಿಂದ ನೊರೆ ಉಕ್ಕಿ, ಪೀಪಾಯಿಯ ಹೊಟ್ಟೆಯ ಮೇಲೆ ಇಳಿದು, ಗಾಡಿಯ ಹಲಗೆಗೆ ತೊಟ್ಟಿಕ್ಕುತ್ತಿತ್ತು.

ಬೀರು ಹಾಳಾಗುತ್ತದೆ ಎನ್ನುವುದು ಅವನಿಗೆ ಮೊದಲು ಹೊಳೆದದ್ದಲ್ಲ. ಹಲಗೆ. ಯುಗಾದಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅದೇ ಹಲಗೆಯ ಮೇಲೆ ದಾಸೋಹದ ಭತ್ತ ಕೂರಬೇಕು. ನೆನೆದ ಮರ ವಾಸನೆ ಹಿಡಿದರೆ ತೊಳೆದು ಹೋಗುವಂಥದಲ್ಲ ಎಂದು ಸೀಮೆಎಣ್ಣೆ ಸಾಗಿಸಿ ಅವನಿಗೆ ಗೊತ್ತಿತ್ತು.

ಗಾಡಿ ನಿಲ್ಲಿಸಿ ಕೆಳಗಿಳಿದ. ನಡುಮಧ್ಯಾಹ್ನ, ದಾರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಬಯಲಿನ ಆಚೆ ಒಬ್ಬ ಕುರಿ ಕಾಯುವವನು ಕಂಡ. ಕೆಂಪನಂಜಪ್ಪ ಕೈ ಬೀಸಿ ಕೂಗಿದ. ಅವನೂ ಕೈ ಬೀಸಿ ಕುರಿಗಳ ಹಿಂದೆ ಹೊರಟುಹೋದ. ನೊರೆ ಬರುತ್ತಲೇ ಇತ್ತು. ಮೇಲುಹೊದಿಕೆಯ ಚೀಲ ಅಡಿಗೆ ತುರುಕಿದ, ಅದೂ ನೆನೆಯಿತು. ಇನ್ನೂ ಒಂದಷ್ಟು ಹೊತ್ತು ನಿಂತು, ಯಾರಾದರೂ ಬಂದಾರು ಎಂದು ದಾರಿಯ ಎರಡೂ ತುದಿ ನೋಡಿದ.

ಸೋರುವ ಗಡಿಗೆಗೆ ಆ ಕಡೆಯ ಮನೆಗಳಲ್ಲಿ ಮಾಡುವುದು ಒಂದೇ. ಬಟ್ಟೆಯ ಚೂರಿಗೆ ರಾಗಿ ಮೆತ್ತಿ ತುರುಕುವುದು. ಸ್ಟೇಷನ್ನಿಗೆ ಹೋಗುವಾಗ ಹೆಂಡತಿ ಪುಟ್ಟಬಸಮ್ಮ ಕಟ್ಟಿಕೊಟ್ಟಿದ್ದ ಬುತ್ತಿಯಲ್ಲಿ ಅರ್ಧ ಮುದ್ದೆ ಉಳಿದಿತ್ತು. ಮಜ್ಜಿಗೆಯಲ್ಲಿ ನೆನೆದ ತಂಗಳು ಮುದ್ದೆ. ಪೀಪಾಯಿ ಏರಿದ ಮೇಲೆ ಅವನು ಅದನ್ನು ಮುಟ್ಟಿರಲಿಲ್ಲ. ಟವಲಿನ ಅಂಚು ಹರಿದು, ಮುದ್ದೆ ಮೆತ್ತಿ, ಸುತ್ತಿ, ಬಿರಡೆ ಮಾಡಿದ. ಎಡಗೈಯಲ್ಲಿ ಅದನ್ನು ತೂತಿಗೆ ಒತ್ತಿ ಹಿಡಿದು ಬಲಗೈಯಲ್ಲಿ ಕಲ್ಲು ತೆಗೆದುಕೊಂಡು ಬಡಿದ. ನೊರೆ ಎಡ ಅಂಗೈಯನ್ನೆಲ್ಲ ತುಂಬಿ ಮೊಣಕೈಯವರೆಗೆ ಇಳಿಯಿತು. ಬಿರಡೆ ನಿಂತಿತು.

ಮುಂದೆ ಸಿಕ್ಕ ಕಾಲುವೆಯಲ್ಲಿ ಮಣ್ಣು ಹಚ್ಚಿ ಕೈ ತಿಕ್ಕಿದ. ಹಲಗೆಗೂ ನೀರು ಎರಚಿ ಹುಲ್ಲಿನಲ್ಲಿ ಉಜ್ಜಿದ. ಮನೆಯಲ್ಲಿ ಏನೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಬೆಟ್ಟ ಹತ್ತಿಸಿ, ತೋಟದ ಆಳುಗಳು ಪೀಪಾಯಿ ಇಳಿಸಿಕೊಂಡ ಮೇಲೆ ಉಸಿರು ಬಿಟ್ಟ.

ಮುಂದಿನ ಸಲ ಉಪ್ಪಿನ ಮೂಟೆ ಹೇರಿಕೊಂಡು ಹೋದಾಗ ಬಂಗಲೆಯ ಬಟ್ಲರ್ ಅಂತೋಣಿ ದಾರಿಗೇ ಎದುರು ಬಂದ. ಅಂತೋಣಿ ಕೊಳ್ಳೇಗಾಲದ ಆಚೆ ಕಾಮಗೆರೆಯವನು. ಕನ್ನಡ ತಮಿಳು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಅವತ್ತು ಮಾತು ಕಡಮೆ ಇತ್ತು.

"ಅಣ್ಣಾ, ದೊರೆ ಕರೀತಾವ್ರೆ. ಕೋಪದಲ್ಲವ್ರೆ. ಎದುರು ಮಾತಾಡ್ಬೇಡ ಸಾಮಿ."

ದೊರೆ ವರಾಂಡದ ಕುರ್ಚಿಯಲ್ಲಿ ಕೂತಿದ್ದ. ಬೆಟ್ಟದಲ್ಲಿ ಬಹುಕಾಲ ಇದ್ದವನಾದ್ದರಿಂದ ಕನ್ನಡ ಬರುತ್ತಿತ್ತು, ಆಳುಗಳ ಜೊತೆ ಕಲಿತ ಕನ್ನಡ. ಔತಣದ ದಿನ ಪೀಪಾಯಿಗೆ ನಲ್ಲಿ ಬಡಿದು ಗ್ಲಾಸು ತುಂಬಿದಾಗ ಬಂದದ್ದು ಕಲಗಚ್ಚಿನಂಥ ಬೀರು. ಗ್ಲಾಸು ಅಲ್ಲಾಡಿಸಿದರೆ ಒಳಗೆ ರೇಷ್ಮೆ ಎಳೆ ಸುಳಿದಂತೆ ಕಾಣುತ್ತಿತ್ತು. ಬಾಯಿಗಿಟ್ಟರೆ ಮೂರು ದಿನದ ಮಜ್ಜಿಗೆ. ಬಂದವರೆಲ್ಲ ನಕ್ಕಿದ್ದರು. ದೊರೆಗೆ ಉಳಿದಿದ್ದುದು ಆ ನಗು.

"ಪೀಪಾಯಿ ಬಿಚ್ಚಿದಿ ನೀನು?"

"ಮುಟ್ಟಿಲ್ಲ ದೊರೆ."

ಈ ಮಾತು ಅವನ ಬಾಯಿಂದ ತಾನಾಗಿಯೇ ಬಂತು. ಇಷ್ಟು ವರ್ಷ ಗುರುಮಲ್ಲಪ್ಪನವರ ಮುಂದೆ ಹೇಳಬೇಕಾಗಿ ಬಂದರೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಬಂದ ಮಾತು.

ದೊರೆ ಕುರ್ಚಿಯ ಪಕ್ಕದಿಂದ ಒಂದು ತಟ್ಟೆ ಎತ್ತಿ ಮುಂದೆ ಹಿಡಿದ. ಒಣಗಿದ ರಾಗಿ ಮೆತ್ತಿದ್ದ ಟವಲಿನ ಚೂರು. ಅಂಚಿನ ಕೆಂಪು ಎಳೆ ಹಾಗೇ ಇತ್ತು. ಕೆಂಪನಂಜಪ್ಪನ ಹೆಗಲ ಮೇಲಿದ್ದ ಟವಲಿನ ಅಂಚು ಒಂದು ಕಡೆ ಹರಿದಿತ್ತು.

"ಇದು ಯಾರ್ದು?"

"ನಂದೇ ದೊರೆ. ಬಿರಡೆ ಆರೋಯ್ತು. ಸೋರ್ತಾ ಇತ್ತು. ಮುಚ್ದೆ, ಅಷ್ಟೆ."

"ಈಗ ಮುಟ್ಟಿಲ್ಲ ಅಂದಿ."

ಕೆಂಪನಂಜಪ್ಪ ಟವಲಿನ ಹರಿದ ಅಂಚನ್ನು ಒಳಕ್ಕೆ ಮಡಿಸಿಕೊಂಡ.

"ಅಗರ ಬೆಟ್ಟದ ದಾರಿಯಲ್ಲಿ ಇದೆಯಾ?"

"ಇಲ್ಲ ದೊರೆ."

"ಪೀಪಾಯಿ ರಾತ್ರಿ ಅಲ್ಲಿತ್ತು, ಆಳುಗಳು ಹೇಳಿದರು. ಅಲ್ಲಿಗೆ ಯಾಕೆ ಹೋಯ್ತು?"

ಪೂಜೆ, ಅಂಗೈ, ಹುಣಸೆಮರ, ಇದನ್ನೆಲ್ಲ ಯಾವ ತುದಿಯಿಂದ ಹೇಳಲು ಶುರುಮಾಡಬೇಕೆಂದು ತಿಳಿಯದೆ ಅವನು ಅಂತೋಣಿಯ ಮುಖ ನೋಡಿದ. ಅಂತೋಣಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ದೊರೆ ಕೇಳಿಸಿಕೊಂಡು, "ಅಂದರೆ ಕಾವಲಿಲ್ಲ" ಎಂದ. "ಕುಡಿದು ನೀರು ಹಾಕಿ ಮುಚ್ಚಿದಿರಿ. ನೀನಲ್ಲದಿದ್ದರೆ ನಿನ್ನ ಊರವರು. ಉಪ್ಪು ಇಳಿಸಿ ಹೋಗು. ನಾಳೆಯಿಂದ ಬೇಡ."

ಪೀಪಾಯಿಯನ್ನು ಔತಣದ ದಿನವೇ ಸೀಳಿ ಬಚ್ಚಲ ಒಲೆಗೆ ಹಾಕಿದ್ದರು. ಉಪ್ಪು ಇಳಿಸುವಾಗ ಅದರ ಕಬ್ಬಿಣದ ಪಟ್ಟಿಗಳು ಗೋಡೆಗೆ ಒರಗಿಕೊಂಡಿದ್ದುದನ್ನು ಕೆಂಪನಂಜಪ್ಪ ನೋಡಿದ.

ಬೆಟ್ಟದ ಕೆಲಸ ಷಡಕ್ಷರಿಗೆ ಹೋಯಿತು. ಅವನು ಕೇಳಿ ಪಡೆದದ್ದಲ್ಲ. ಸ್ಟೇಷನ್ನಿನಲ್ಲಿ ಸಾಮಾನು ಬಿದ್ದಿತ್ತು, ಇವನ ಗಾಡಿ ಖಾಲಿ ಇತ್ತು. ಬೆಟ್ಟಕ್ಕೆ ಹೋಗಿ ಬಂದ ಮೊದಲ ದಿನವೇ ಜಗಲಿಯಲ್ಲಿ ಮಾತು ಎದ್ದಿತು. ಕೆಂಪನಂಜಪ್ಪ ಕುಡಿದು ಸಿಕ್ಕಿಬಿದ್ದನಂತೆ ಎಂದು ಯಾರೋ ಅಂದರು. ಷಡಕ್ಷರಿಗೆ ರೇಗಿತು.

"ಲೇ, ಬಾಯಿಗೆ ಬಂದಂಗೆ ಆಡ್ಬ್ಯಾಡಿ. ಕೆಂಪಣ್ಣ ಕುಡ್ಯೋನಾ? ಬಟ್ಲರ್ ನನ್ನ ಮುಂದೇನೇ ಅಂದ ಕಣ್ಲಾ. ಅವ್ನು ಬರೀ ಬಿರಡೆ ಜಡ್ದವ್ನೆ ಕೈಯಲ್ಲಿ. ಒಂದು ತೊಟ್ಟೂ ಬಾಯಿಗೆ ಇಕ್ನಿಲ್ಲ!"

ಸ್ನೇಹಿತನನ್ನು ಉಳಿಸಿದೆ ಎಂದುಕೊಂಡು ಅವನು ಸುತ್ತ ನೋಡಿದ. ಗುರುಮಲ್ಲಪ್ಪ ಎಲೆಯ ತೊಟ್ಟು ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ಏನು ಹೇಳಿಬಿಟ್ಟೆ ಎಂದು ಷಡಕ್ಷರಿಗೆ ಆಗ ಗೊತ್ತಾಯಿತು.

ಮರುದಿನ ಕೆಂಪನಂಜಪ್ಪನಿಗೆ ಕರೆ ಬಂತು. ಗುರುಮಲ್ಲಪ್ಪ ಗದರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿದರು.

"ಕುಡ್ದಿದ್ದೀಯಾ?"

"ಇಲ್ಲ ಬುದ್ದಿ."

"ಅದು ನಂಗೂ ಗೊತ್ತು. ಮುಟ್ಟಿದ್ಯಾ?"

ಕೆಂಪನಂಜಪ್ಪ ನೆಲ ನೋಡಿದ.

"ಮುಟ್ನಿಲ್ಲ ಅಂತ ಒಂದು ಮಾತ ಯೋಳ್ಬುಡು ಮಗ. ಷಡಕ್ಷರಿ ಯಾನೋ ಒದರ್ದ ಅಂತ ನಾನು ಇಲ್ಲಿಗೇ ಬುಟ್ಬುಡ್ತೀನಿ."

ಅವರು ಚಾಚಿದ್ದು ಕೈ ಎಂದು ಅವನಿಗೆ ಗೊತ್ತಿತ್ತು. ಹಿಡಿಯುವ ಹಾಗಿರಲಿಲ್ಲ. ಇಲ್ಲಿ ಮುಟ್ಟಲಿಲ್ಲ ಎಂದರೆ, ಬಿರಡೆ ಬಡಿದವನು ಮತ್ತೆ ಯಾರು? ಆ ಮಾತು ಷಡಕ್ಷರಿಯ ಗಾಡಿಯಲ್ಲಿ ಬೆಟ್ಟ ಹತ್ತುತ್ತದೆ. ಮುಚ್ಚಿದ್ದು ನಾನೇ ಎಂದು ದೊರೆಯ ಮುಂದೆ ಹೇಳಿದ ಒಂದೇ ಒಂದು ಸತ್ಯವೂ ಸುಳ್ಳಾಗಿ, ಇಡೀ ಊರೇ ಪೀಪಾಯಿಗೆ ಬಾಯಿ ಇಟ್ಟಂತಾಗುತ್ತದೆ. ಮುಟ್ಟಿದೆ ಎಂದರೆ ಇಲ್ಲಿಯದು ಮುಗಿಯಿತು. ಬೆಟ್ಟದಲ್ಲಿ ಅವನನ್ನು ಅಷ್ಟಿಷ್ಟು ಉಳಿಸಬಹುದಾಗಿದ್ದ ಮಾತೇ ಇಲ್ಲಿ ಅವನನ್ನು ಕೆಡವುವ ಮಾತು.

"ಹಲ್ಗೆ ಮ್ಯಾಲೆ ಸೋರ್ತಾ ಇತ್ತು ಬುದ್ದಿ" ಎಂದ. "ಮಠದ ಭತ್ತ ಏರೋ ಹಲ್ಗೆ. ಅದ್ಕೆ ಮುಚ್ದೆ."

"ಯಾವ ಕೈ?"

ಕೆಂಪನಂಜಪ್ಪ ಎಡಗೈ ಮುಂದೆ ಚಾಚಿದ.

ಜಗಲಿಯಲ್ಲಿ ಕೂತಿದ್ದವರೆಲ್ಲ ಆ ಕೈಯನ್ನು ನೋಡಿದರು. ದಿನಾ ಬೆಳಿಗ್ಗೆ ಲಿಂಗ ಕೂರುವುದು ಎಡ ಅಂಗೈಯಲ್ಲಿ. ಗುರುಮಲ್ಲಪ್ಪ ಎಲೆಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿದರು. "ಈ ವರ್ಸ ಮುಂದಲ ಗಾಡಿ ಬ್ಯಾಡ ಕಣಪ್ಪ. ಮುಂದೆ ನೋಡವ" ಎಂದರು. ದಂಡವಿಲ್ಲ, ಬೈಗುಳವಿಲ್ಲ. ಬೈದಿದ್ದರೆ ಅವನು ತಿರುಗಿ ಏನಾದರೂ ಅನ್ನಬಹುದಿತ್ತು.

ಯುಗಾದಿ ಕಳೆದ ಸೋಮವಾರ ಸಾಲು ಗಾಡಿಗಳು ಅವನ ಮನೆಯ ಮುಂದೆಯೇ ಹೋದವು. ಮುಂದಲ ಗಾಡಿಯ ಗಾಲಿ ಕಿರುಗುಟ್ಟುತ್ತಿತ್ತು. ಕೆಂಪನಂಜಪ್ಪ ಒಳಗೆ ಕೊಟ್ಟಿಗೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡ. "ಎಣ್ಣೆ ಕಂಡಿಲ್ಲ ಅದು" ಎಂದ.

ಒಂದು ವರ್ಷ ಅವನು ಗಾಡಿಯಲ್ಲಿ ಕಲ್ಲು ಹೊಡೆದ, ಇಟ್ಟಿಗೆ ಹೊಡೆದ, ಯಳಂದೂರಿನ ಸಂತೆಗೆ ಹುಣಸೆಹಣ್ಣು ಹೊಡೆದ. ಮತ್ತೆ ಶಿವರಾತ್ರಿ ಬಂದು ಹೋಯಿತು. ಒಂದು ಸಂತೆಯ ದಿನ ಅಂತೋಣಿ ಗುಂಪಿನ ನಡುವಿನಿಂದ ಕೂಗುತ್ತಾ ಬಂದು ಅವನ ಗಾಡಿಯ ಮೂಕಿ ಹಿಡಿದುಕೊಂಡ.

"ಅಣ್ಣಾ, ಈ ವರ್ಷವೂ ಹುಳಿ!"

ಕೆಂಪನಂಜಪ್ಪನಿಗೆ ಅರ್ಥವಾಗಲಿಲ್ಲ.

"ಬೀರು ಅಣ್ಣಾ, ಬೀರು. ಷಡಕ್ಷರಿ ನೇರ ಬೆಟ್ಟಕ್ಕೇ ತಂದ. ಬಿರಡೆ ಅಲ್ಲಾಡಿಲ್ಲ, ಅರಗಿನ ಮುದ್ರೆ ಹಂಗೇ ಇತ್ತು. ತೆಗೆದ್ರೆ ಅದೇ ಮಜ್ಜಿಗೆ! ದೊರೆ ಕೋಪಕ್ಕೆ ಕುಣಿದ್ಬಿಟ್ರು. ಬೆಂಗಳೂರಿಗೆ ಬರೆದ್ರು, ಅಲ್ಲಿಂದ ಒಬ್ಬ ಕನ್ನಡಕದೋನು ಬಂದ. ಒಂದು ಕೊಳವೆ ಇಟ್ಟು ಬೀರಿನ ಹನಿ ನೋಡ್ದ. ನಂಗೂ ತೋರಿಸ್ದ ಸಾಮಿ. ಒಳಗೆ ಜೀರಿಗೆ ಕಾಳಂಗೆ, ಸಣ್ಣ ಸಣ್ಣವು, ರಾಶಿ ರಾಶಿ. ಎಲ್ಲಾ ಜೀವ ಇರೋವಂತೆ."

"ಹುಳವಾ?"

"ಹುಳಕ್ಕಿಂತ ಚಿಕ್ಕವು. ಕಣ್ಣಿಗೆ ಕಾಣಲ್ಲ. ಬೀರಿಗೆ ಯಾವ್ದೋ ಕಹಿ ಹೂ ಹಾಕ್ತಾರಂತೆ, ಅದ್ಕೆ ಬೇರೆ ಎಲ್ಲಾ ಸಾಯ್ತವೆ, ಇವು ಮಾತ್ರ ಜಗ್ಗಲ್ಲ. ಹಳೇ ಪೀಪಾಯಿ ಮರದ ಸಂದೀಲಿ ಹೊಕ್ಕಂಡಿರ್ತವೆ. ಸುಡುನೀರು ಹುಯ್ದು ತೊಳೆದ್ರೂ ಒಳಗಿನವು ಉಳ್ಕೊತವೆ. ಬೀರು ತುಂಬಿದ ಮೇಲೆ ಎದ್ದು ಕೂತ್ಕೊತವೆ. ದೊರೆ ನಿನ್ನ ಬರಕ್ಕೆ ಹೇಳಿದ್ರು. ನಿಂದು ತಪ್ಪಿಲ್ಲ ಅಂದ್ರು."

ಕೆಂಪನಂಜಪ್ಪ ಎತ್ತಿನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ.

"ಓದ ವರ್ಸದ್ದೂ ಅವೇನಾ ಕೆಡಿಸಿದ್ದು?"

ಅಂತೋಣಿ ಮೂಕಿಯಿಂದ ಕೈ ತೆಗೆದ. ಸುಳ್ಳು ಹೇಳಬಹುದಿತ್ತು.

"ಅದೂ ಕೇಳ್ದೆ ಅಣ್ಣಾ. ಇರಬಹುದು ಅಂದ. ನಿನ್ನ ಬಿರಡೆ ಸಂಗತೀನೂ ಹೇಳ್ದೆ. ಮಜ್ಜಿಗೆ ಮುದ್ದೇಲೂ ಇವುಗಳ ನೆಂಟರೇ ಇರೋದಂತೆ. ಪೀಪಾಯಿ ಸುಟ್ಟೋಯ್ತು, ಈಗ ಯಾವ್ದು ಅಂತ ಹೇಳಕ್ಕಾಗಲ್ಲ ಅಂದ. ಅದು ಬಿಡು. ದೊರೆ ತಪ್ಪಿಲ್ಲ ಅಂದಮೇಲೆ ಇನ್ನೇನು?"

ಕೆಂಪನಂಜಪ್ಪ ಬೆಟ್ಟಕ್ಕೆ ಹೋಗಲಿಲ್ಲ. ಸಂತೆಯಿಂದ ನೇರ ಗುರುಮಲ್ಲಪ್ಪನವರ ಜಗಲಿಗೆ ಬಂದು, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ. ಮರದ ಸಂದಿ, ಸುಡುನೀರು, ಕಾಣದ ಜೀವ ಯಾವುದನ್ನೂ ಬಿಡಲಿಲ್ಲ. ಯುಗಾದಿ ಹತ್ತಿರದಲ್ಲಿತ್ತು. ಗುರುಮಲ್ಲಪ್ಪ ಪೂರ್ತಿ ಕೇಳಿದರು. ಮೊದಲು ಅವರ ಮುಖ ಅರಳಿತು.

"ಕಳ್ಳ ಅನ್ನೋ ಮಾತು ಓಯ್ತು. ಭಾಳ ಸಂತೋಸ ಕಣಪ್ಪ."

"ಅಂಗಾರೆ ಗಾಡಿ, ಬುದ್ದಿ?"

ಮುದುಕರು ಅವನ ಕೈ ನೋಡಿದರು, ಆಮೇಲೆ ಮುಖ ನೋಡಿದರು.

"ಓದ ವರ್ಸ, 'ಈ ವರ್ಸ ಬ್ಯಾಡ' ಅಂದಿದ್ದೆ. ಮುಂದೆ ಸರಿಮಾಡವ ಅಂತ್ಲೇ ನನ್ನ ಮನ್ಸಲ್ಲಿತ್ತು. ನೀರಲ್ಲಿ ತೊಳ್ದವ್ನೆ, ಮಣ್ಣಲ್ಲಿ ತಿಕ್ಕವ್ನೆ, ಒಂದು ವರ್ಸ ಆಯ್ತು ಅಂತ ನಾಲ್ಕು ಜನಕ್ಕೆ ಯೋಳೋನಿದ್ದೆ. ಈಗ ನೀನೇ ಬಂದು ಇಂಗಂತೀಯ. ಸುಡುನೀರು ಉಯ್ದ್ರೂ ಓಗ್ದೆ ಮರದೊಳಗೆ ಕುಂತ್ಕತ್ತವೆ ಅಂತೀಯ. ಜೀವ ಇರೋವು ಅಂತೀಯ. ಚರ್ಮ ಮರಕ್ಕಿಂತ ಗಟ್ಟಿನೇನಪ್ಪ?"

ಕೆಂಪನಂಜಪ್ಪ ಇದನ್ನು ತನ್ನ ಪರವಾಗಿ ಹೇಳಲು ಬಂದಿದ್ದ. ಹೇಳದೆ ಇದ್ದಿದ್ದರೆ, ಸುಮ್ಮನೆ ಹತ್ತು ದಿನ ಕಾದಿದ್ದರೆ ಸಾಕಿತ್ತು. ಜಗಲಿಯಲ್ಲಿ ಇದ್ದವರಲ್ಲಿ ಒಬ್ಬ ತನ್ನ ಕೈಯನ್ನು ಪಂಚೆಗೆ ಒರೆಸಿಕೊಂಡ, ತನಗೆ ತಿಳಿಯದೆಯೇ.

"ನಂಗೂ ತಿಳೀದು" ಎಂದರು ಗುರುಮಲ್ಲಪ್ಪ. "ತಿಳ್ಯೋರು ಯಾರಾರ ಸಿಕ್ಕದ್ರೆ ಕೇಳವ."

ಅಂಥವರು ಅಗರಕ್ಕೆ ಬರಲಿಲ್ಲ. ಮುಂದಲ ಗಾಡಿ ಮತ್ತೆ ಅವನಿಗೆ ಬರಲಿಲ್ಲ. ಗುರುಮಲ್ಲಪ್ಪ ತೀರಿಕೊಂಡ ಮೇಲೆ ಆ ಮಾತನ್ನು ಎತ್ತುವವರೂ ಇರಲಿಲ್ಲ. ಬೆಟ್ಟದ ದೊರೆ ತೋಟ ಮಾರಿ ಹೋದ. ಊರಿನವರು ಕೆಂಪನಂಜಪ್ಪನ ಮೇಲೆ ದ್ವೇಷ ಇಟ್ಟುಕೊಂಡಿರಲಿಲ್ಲ. ಮದುವೆಗೆ ಕರೆದರು, ಪಂಕ್ತಿಯಲ್ಲಿ ಕೂರಿಸಿದರು. ಷಡಕ್ಷರಿ ಹಾದಿಯಲ್ಲಿ ಸಿಕ್ಕರೆ ತನ್ನ ಗಾಡಿ ಪಕ್ಕಕ್ಕೆ ತೆಗೆದು ಅವನನ್ನು ಮುಂದೆ ಬಿಡುತ್ತಿದ್ದ.

ಆ ಸಂತೆಯ ಮರುದಿನದಿಂದ ಒಂದು ಅಭ್ಯಾಸ ಮಾತ್ರ ಶುರುವಾಯಿತು, ಅದು ಕೊನೆಯವರೆಗೂ ಉಳಿಯಿತು. ಬೆಳಿಗ್ಗೆ ಸ್ನಾನವಾದ ಮೇಲೆ, ಲಿಂಗ ಬಿಚ್ಚುವ ಮೊದಲು, ಅವನು ಹಿತ್ತಿಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಎಡಗೈ ಚಾಚುತ್ತಿದ್ದ. ಪುಟ್ಟಬಸಮ್ಮ ಚೆಂಬಿನಿಂದ ನೀರು ಬಿಡುತ್ತಿದ್ದಳು. ಅವನು ಬೂದಿ ಹಾಕಿ ಅಂಗೈಯ ಗೆರೆಗೆರೆಯನ್ನೂ ಬೆರಳಲ್ಲಿ ತಿಕ್ಕುತ್ತಿದ್ದ. ಗಾಡಿ ಹೊಡೆಯುವವನ ಕೈ. ಹಗ್ಗ ಉಜ್ಜಿ ಸೀಳಿದ ಬಿರುಕುಗಳಿದ್ದವು.

"ಅದ್ಯಾಕ ಇಂಗೆ ತಿಕ್ಕಂಡಿರಿ, ಚರ್ಮ ಕಿತ್ತೋದದು" ಎಂದಳು ಅವಳು ಮೊದಲ ದಿನ. "ಅದೆಲ್ಲ ಆವಾಗ್ಲೇ ಓಯ್ತು ಬುಡಿ."

ಅವನು ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದ. ಏನೂ ಕಾಣಲಿಲ್ಲ. ಕಾಣುವುದಿಲ್ಲ ಎಂದು ಅಂತೋಣಿ ಮೊದಲೇ ಹೇಳಿದ್ದ.

"ಇನ್ನೊಂಚೂರು ಉಯ್ಯಿ" ಎಂದ.

ಅವಳು ಉಯ್ದಳು.